ಎದುರುಮನೆಯ ಕಲ್ಲು

ಆ ಊರಿನಲ್ಲಿ ಯಾರೂ ತಾವು ಬಳಸಿದ ನೀರಿನ ಬಿಲ್ಲನ್ನು ತಾವು ತೀರಿಸುತ್ತಿರಲಿಲ್ಲ. ಈ ಮನೆಯ ಬಿಲ್ಲು ಎದುರುಮನೆಗೆ ಬರುತ್ತಿತ್ತು, ಎದುರುಮನೆಯದು ಈ ಮನೆಗೆ.

ಊರು ಇದ್ದದ್ದು ಒಂದು ಬೋಳು ಗುಡ್ಡದ ಇಳಿಜಾರಿನಲ್ಲಿ. ನೆತ್ತಿಯ ಮೇಲೆ ನೀರಿನ ಕಟ್ಟೆ, ಬುಡದಲ್ಲಿ ಕಲ್ಲುಗಣಿ, ನಡುವೆ ಮುಖಾಮುಖಿ ನಿಂತ ಮನೆಗಳ ಬೀದಿಗಳು. ಕಟ್ಟೆಯಿಂದ ಇಳಿದ ಪೈಪು ಮೊದಲು ಎದುರುಮನೆಯ ಗೋಡೆಗೆ ಹೋಗಿ, ಅಲ್ಲಿ ಮೀಟರಿನೊಳಗೆ ಹಾದು, ಬೀದಿಯ ಅಡಿಯಲ್ಲಿ ಅಡ್ಡ ದಾಟಿ, ಆಮೇಲೆ ಈ ಮನೆಯ ನಲ್ಲಿಗೆ ಬರುತ್ತಿತ್ತು. ಹಾಗಾಗಿ ಪ್ರತಿ ಮನೆಯ ಗೋಡೆಯ ಮೇಲೂ ಎದುರಿನವರ ಮೀಟರು. ಎದುರಿನವರು ಎಷ್ಟು ಕುಡಿದರು, ಎಷ್ಟು ತೊಳೆದರು, ಎಷ್ಟು ಚೆಲ್ಲಿದರು ಎಂಬುದನ್ನು ಬೆಳಗಾಗೆದ್ದು ನೋಡುವುದು ಆ ಊರಿನ ಮೊದಲ ಕೆಲಸ.

ಬಿಲ್ಲು ತೀರಿಸುವುದು ದುಡ್ಡಿನಿಂದಲ್ಲ, ಕಲ್ಲಿನಿಂದ. ಐವತ್ತು ಕೊಡ ನೀರಿಗೆ ಒಂದು ಕಲ್ಲು. ಗಣಿಯಲ್ಲಿ ಕುಂಬಳಕಾಯಿ ಗಾತ್ರದ ಕಲ್ಲು ಎತ್ತಿ, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು, ಊರು ದಾಟಿ ಗುಡ್ಡ ಹತ್ತಿ, ಕಟ್ಟೆಯ ಗೋಡೆಯ ಮೇಲೆ ಇಟ್ಟು ಬರಬೇಕು. ನನ್ನ ದಾಹಕ್ಕೆ ಇನ್ನೊಬ್ಬನ ತಲೆ ಬಾಗುತ್ತದೆ ಎಂಬ ನಾಚಿಕೆಗಾದರೂ ಜನ ನೀರನ್ನು ಹಿಡಿತದಲ್ಲಿ ಬಳಸಲಿ ಅಂತ ಹಳಬರು ಈ ಕಟ್ಟಳೆ ಮಾಡಿದ್ದರಂತೆ. ನಾಚಿಕೆ ಒಂದು ತಲೆಮಾರು ಬಾಳಿತು. ಆಮೇಲೆ ಉಳಿದದ್ದು ಹಗೆ. ಎದುರಿನವನು ಕೆಮ್ಮಿದರೆ ಇವನು ಅಂಗಳಕ್ಕೆ ನಾಲ್ಕು ಕೊಡ ಸುರಿಯುತ್ತಿದ್ದ. ಇವಳು ಹೊಸ ಸೀರೆ ಉಟ್ಟರೆ ಅವಳು ಮಧ್ಯಾಹ್ನ ಇನ್ನೊಮ್ಮೆ ಸ್ನಾನ ಮಾಡುತ್ತಿದ್ದಳು. ನೀರು ಬರುವ ಮೊದಲು ಪೈಪಿನಲ್ಲಿ ಗಾಳಿ ನುಗ್ಗಿ ಮೀಟರಿನ ಚಕ್ರ ಗಿರ್ರನೆ ತಿರುಗುತ್ತಿತ್ತು. ಜನ ಆ ಗಾಳಿಗೂ ಕಲ್ಲು ಹೊತ್ತರು, ಹೊತ್ತು ಎದುರಿನವರನ್ನು ಬೈದರು. ಕಟ್ಟೆ ಮಾತ್ರ ವರ್ಷ ವರ್ಷಕ್ಕೆ ಎತ್ತರವಾಗುತ್ತಲೇ ಹೋಯಿತು.

ಕೆಳಗಿನ ಬೀದಿಯಲ್ಲಿ ಸೂಲಗಿತ್ತಿಯ ಮನೆ. ಅದರ ಎದುರಿಗೆ ಬೀಗದವನ ಮನೆ. ಸೂಲಗಿತ್ತಿಗೆ ಐವತ್ತು ದಾಟಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಬೀಗದವನು ಅವಳಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವನು. ಊರಿನ ಬೀಗಗಳನ್ನು ರಿಪೇರಿ ಮಾಡುವುದು, ಕಳೆದುಹೋದ ಕೀಲಿಗಳಿಗೆ ಬದಲಿ ಕೀಲಿ ಮಾಡಿಕೊಡುವುದು ಅವನ ಕಸುಬು. ಒಂದು ಕಾಲದಲ್ಲಿ ಅವನು ಅವಳನ್ನು ಅಕ್ಕ ಅನ್ನುತ್ತಿದ್ದ. ಆ ಬೀದಿಯಲ್ಲಿ ಎದುರುಮನೆಯವರನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಮೂರು ವರ್ಷದ ಹಿಂದೆ ಅವನ ಹೆಂಡತಿ ಹೊನ್ನಮ್ಮ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಹೆರಿಗೆ ಮಾಡಿಸಿದವಳು ಸೂಲಗಿತ್ತಿ. ಹೆಣ ಎತ್ತುವ ಹೊತ್ತಿಗೆ ಬೀಗದವನು ನೆರೆದ ಜನರ ನಡುವೆ ನಿಂತು ಒಂದೇ ಮಾತು ಹೇಳಿದ. ನನ್ನ ಮನೆಯ ನೀರಿಗೆ ಕಲ್ಲು ಹೊರುವವಳು ಇವಳು, ಅದಕ್ಕೇ ನನ್ನ ಹೆಂಡತಿಗೆ ನೀರು ಕಾಯಿಸುವಾಗ ಲೆಕ್ಕ ಹಾಕಿದಳು ಅಂದ.

ಬೀದಿಯವರು ಅದನ್ನು ನಂಬಿದರೋ ಇಲ್ಲವೋ, ಸವಿದದ್ದಂತೂ ಹೌದು. ಸೂಲಗಿತ್ತಿ ಎದುರು ಮಾತಾಡಲಿಲ್ಲ. ಆ ಮಾತು ಪೂರ್ತಿ ಸುಳ್ಳಲ್ಲ ಎಂಬುದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಅಂದಿನಿಂದ ಬೀಗದವನು ಒಂದು ಪದ್ಧತಿ ಹಿಡಿದ. ಅವಳ ಮನೆಯ ನೀರಿಗೆ ಅವನು ಹೊರಬೇಕಾದ ಕಲ್ಲುಗಳನ್ನು ಗಣಿಯಿಂದ ನೇರ ಗುಡ್ಡಕ್ಕೆ ಒಯ್ಯುತ್ತಿರಲಿಲ್ಲ. ಒಂದೊಂದನ್ನೂ ತಂದು ಅವಳ ಹೊಸ್ತಿಲ ಮೇಲೆ ಧೊಪ್ಪನೆ ಇಳಿಸಿ, ಬೀದಿಗೆಲ್ಲ ಕೇಳುವಂತೆ ಎಣಿಕೆ ಹೇಳಿ, ಮತ್ತೆ ಎತ್ತಿಕೊಂಡು ಹೋಗುತ್ತಿದ್ದ. ಒಂದು ಅನ್ನುತ್ತಿದ್ದ, ಹೋಗುತ್ತಿದ್ದ. ಎರಡು ಅನ್ನುತ್ತಿದ್ದ, ಹೋಗುತ್ತಿದ್ದ. ಬಾಣಂತಿಯರ ಬಟ್ಟೆ ಒಗೆಯುವವಳ ಮನೆ, ನೀರು ಹೆಚ್ಚೇ ಬೇಕು. ತಿಂಗಳಿಗೆ ಹದಿನೈದು ಕಲ್ಲು ಆಗುತ್ತಿತ್ತು. ಹದಿನೈದು ಸಲವೂ ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಹೊಸ್ತಿಲು ನಡುವೆ ಸವೆದು ಹಳ್ಳವಾಯಿತು.

ಅವನ ಮನೆಯ ಬಿಲ್ಲು ತಿಂಗಳಿಗೆ ಆರು ಕಲ್ಲು. ಒಂಟಿ ಗಂಡಸು, ಅಷ್ಟೇ ಬೇಕಾದದ್ದು. ಹೀಗಿರುವಾಗ ಒಂದು ತಿಂಗಳು ನೀರುಗಂಟಿ ಬಂದ. ವಾಲ್ವು ತಿರುಗಿಸಿ ನೀರು ಬಿಡುವವನೂ ಅವನೇ, ಮೀಟರು ಓದುವವನೂ ಅವನೇ. ಸೂಲಗಿತ್ತಿಯ ಗೋಡೆಯ ಮೇಲಿನ ಮೀಟರು ಒರೆಸಿ ನೋಡಿ, ಇನ್ನೊಮ್ಮೆ ಒರೆಸಿ ನೋಡಿ, ಬಿಲ್ಲು ಬರೆದು ಅವಳ ಕೈಗಿಟ್ಟ. ಇನ್ನೂರು ಕಲ್ಲು.

ಮೀಟರು ಕೆಟ್ಟಿರಬೇಕು ಅಂದಳು ಅವಳು. ಕೆಟ್ಟ ಮೀಟರು ನಿಲ್ಲುತ್ತದೆಯೇ ಹೊರತು ಓಡುವುದಿಲ್ಲ ಅಂದ ನೀರುಗಂಟಿ. ಎದುರುಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬಾಯಿ ಓರೆ ಮಾಡಿಕೊಂಡು ಮುಂದಿನ ಬಾಗಿಲಿಗೆ ಹೋದ.

ಬೇಕಂತಲೇ ನಲ್ಲಿ ಬಿಟ್ಟು ಸುರಿಸುತ್ತಿದ್ದಾನೆ ಎಂದುಕೊಂಡಳು ಸೂಲಗಿತ್ತಿ. ಬೇರೆ ಏನನ್ನು ತಾನೇ ಅಂದುಕೊಳ್ಳಬೇಕಿತ್ತು? ಬೀದಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅವಳು ಇನ್ನೂರನ್ನೂ ಹೊತ್ತಳು, ದಿನಕ್ಕೆ ಏಳರಂತೆ. ಮುಂದಿನ ತಿಂಗಳು ಇನ್ನೂರ ನಲವತ್ತು ಬಂತು. ಆಗ ಅವಳ ಒಳಗೆ ಏನೋ ಕಿತ್ತುಬಂದ ಹಾಗಾಯಿತು. ತನ್ನ ನಲ್ಲಿಯನ್ನು ಬೆಳಗಿನಿಂದ ಸಂಜೆಯವರೆಗೆ ಬಿಟ್ಟಳು. ಅಂಗಳ ತೊಳೆದಳು, ಗೋಡೆ ತೊಳೆದಳು, ತೊಳೆದ ಗೋಡೆಯನ್ನೇ ಮತ್ತೆ ತೊಳೆದಳು. ನೀರು ಬೀದಿಯ ಚರಂಡಿ ತುಂಬಿ ಹರಿಯಿತು. ತಿಂಗಳ ಕೊನೆಗೆ ಬೀಗದವನು ಅರವತ್ತು ಸಲ ಅವಳ ಹೊಸ್ತಿಲ ಮೇಲೆ ಕಲ್ಲು ಕುಕ್ಕಿದ. ನಲವತ್ತನೆಯದರ ಹೊತ್ತಿಗೆ ಅವನ ಬಲಮಂಡಿ ಊದಿಕೊಂಡಿತ್ತು, ಕಾಲು ಎಳೆಯುತ್ತಿತ್ತು. ಅವಳು ಬಾಗಿಲ ಸಂದಿನಿಂದ ಅದನ್ನು ನೋಡಿದಳು. ಖುಷಿಪಟ್ಟಳು. ಆ ಖುಷಿಗೆ ತಾನೇ ಹೆದರಿ, ಮರುದಿನ ನೀರಿನ ಕಚೇರಿಗೆ ಹೋದಳು.

ಕಚೇರಿ ಇದ್ದದ್ದು ಕಟ್ಟೆಯ ಮೇಲೆ. ಗುಮಾಸ್ತ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಕಿಟಕಿಯಾಚೆ ಜನ ಒಬ್ಬರ ಹಿಂದೆ ಒಬ್ಬರು ಬಂದು ಕಲ್ಲು ಇಟ್ಟು ಹೋಗುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮೀಟರಿನವರೆಗಿನ ಪೈಪು ಕಚೇರಿಯದು, ಅಲ್ಲಿಂದಾಚೆಯದು ಕಲ್ಲು ಹೊರುವವರದು ಅಂದ. ಅಲ್ಲಿ ಪೈಪು ಒಡೆದು ನೀರು ಮಣ್ಣಿಗೆ ಹೋದರೂ ಅದು ಎದುರುಮನೆ ಕುಡಿದ ನೀರೇ ಅಂದ. ಒಡೆದಿದೆಯೋ ಇಲ್ಲವೋ ತಿಳಿಯುವುದು ಹೇಗೆ ಅಂತ ಅವಳು ಕೇಳಿದಳು. ಅದು ಬಹಳ ಸುಲಭ, ಆ ಮನೆಯ ನಲ್ಲಿಗಳನ್ನೆಲ್ಲ ಕಟ್ಟಿಸಿ, ನಿಮ್ಮ ಗೋಡೆಯ ಮೀಟರಿನ ಎದುರು ನಿಂತು ನೋಡಿ, ಚಕ್ರ ನಿಂತರೆ ಅವನು ಸುರಿಸುತ್ತಿದ್ದಾನೆ, ತಿರುಗಿದರೆ ನೆಲದಡಿ ಸೋರುತ್ತಿದೆ ಅಂದ.

"ಇಷ್ಟು ಸುಲಭ ಇದ್ದರೆ ಊರಲ್ಲಿ ಯಾರೂ ಯಾಕೆ ನೋಡಿಲ್ಲ?" ಅಂದಳು.

ಗುಮಾಸ್ತ ಆಗ ಕಣ್ಣು ತೆರೆದ. "ಎದುರುಮನೆಯ ಬಾಗಿಲು ತಟ್ಟಬೇಕಲ್ಲಮ್ಮ," ಅಂದ. "ನಾನು ಈ ಕುರ್ಚಿಗೆ ಬಂದು ಮೂವತ್ತು ವರ್ಷ. ಇಲ್ಲಿಯವರೆಗೆ ಯಾರೂ ತಟ್ಟಿಲ್ಲ. ತಟ್ಟಿದ್ದರೆ ಈ ಕಟ್ಟೆ ಇಷ್ಟು ಎತ್ತರ ಆಗುತ್ತಿರಲಿಲ್ಲ."

ಅವಳು ಇಳಿದು ಬಂದು ಮೂರು ದಿನ ಸುಮ್ಮನಿದ್ದಳು. ನಾಲ್ಕನೆಯ ದಿನ ಬಿಸಿಲು ನೆತ್ತಿಗೇರಿದಾಗ ಬೀದಿ ದಾಟಿದಳು. ಹತ್ತು ಹೆಜ್ಜೆಯ ಬೀದಿ ಅದು. ಎರಡೂ ಸಾಲಿನ ಬಾಗಿಲುಗಳಲ್ಲಿ ಜನ ಬಂದು ನಿಂತರು. ಬೀಗದವನು ಜಗಲಿಯ ಮೇಲೆ ಕೂತು ಒಂದು ಕೀಲಿಗೆ ಅರ ಉಜ್ಜುತ್ತಿದ್ದ, ತಲೆ ಎತ್ತಲಿಲ್ಲ.

"ನಿನ್ನ ನಲ್ಲಿಗಳನ್ನೆಲ್ಲ ಒಂದು ಗಳಿಗೆ ಕಟ್ಟು," ಅಂದಳು. "ನಾನು ಮೀಟರು ನೋಡಬೇಕು."

"ನಿನ್ನ ಮಾತು ಕೇಳಿ ಈ ಮನೇಲಿ ಒಂದು ಸಲ ನೀರು ಕಡಿಮೆ ಮಾಡಿದ್ದಾಗಿದೆ."

ನೀನು ಬಳಸದ ನೀರಿಗೆ ನಾನು ಕಲ್ಲು ಹೊರುತ್ತಿದ್ದೇನೆ ಅಂತ ನನಗೆ ಅನುಮಾನ ಅಂದಳು. ಹೊರು ಅಂದ ಅವನು. ಕಚೇರಿಯಲ್ಲಿ ಕೇಳಿದ್ದನ್ನು ಹೇಳಿದಳು. ಅವನು ಅರ ಉಜ್ಜುತ್ತಲೇ ಇದ್ದ. ಕೊನೆಗೆ ಅವಳು, ಚಕ್ರ ನಿಂತರೆ ಇದೇ ಬೀದಿಯ ನಡುವೆ ನಿಂತು ನಾನೇ ಸುಳ್ಳಿ ಅಂತ ಹೇಳುತ್ತೇನೆ, ಎಲ್ಲರೂ ಕೇಳಲಿ ಅಂದಳು. ಅರದ ಸದ್ದು ನಿಂತಿತು. ಅವನು ಎದ್ದು ಒಳಗೆ ಹೋಗಿ ಹಿತ್ತಲ ನಲ್ಲಿ ಕಟ್ಟಿದ, ಅಡಿಗೆಮನೆಯದು ಕಟ್ಟಿದ, ಬಚ್ಚಲಿನದು ಕಟ್ಟಿದ. ಅವಳು ತನ್ನ ಗೋಡೆಯ ಮುಂದೆ ನಿಂತಳು.

ಚಕ್ರ ತಿರುಗುತ್ತಲೇ ಇತ್ತು.

ಅವಳು ಹೇಳಿದ್ದನ್ನು ಅವನು ನಂಬಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಕಲ್ಲಿಲ್ಲದೆ ಬೀದಿ ದಾಟಿ ಬಂದು, ಮೀಟರಿಗೆ ಮುಖ ಹಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಅವಳಿಗೂ ಆಗಲೇ ಹೊಳೆದದ್ದು: ಅವನು ಸುರಿಸಿರಲಿಲ್ಲ, ಸುರಿಸಿದವಳು ತಾನೊಬ್ಬಳೇ. ಅವನ ಮಂಡಿಯ ಕಡೆ ನೋಡಲು ಅವಳಿಗಾಗಲಿಲ್ಲ. ಅವನು ಮನೆಗೆ ಹೋಗಿ ಹಾರೆ ತಂದ.

ಬೀದಿ ಅಗೆಯಲು ಕಚೇರಿಯ ಅಪ್ಪಣೆ ಬೇಕು ಅಂತ ಯಾರೋ ಎಚ್ಚರಿಸಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅಗೆದ, ಅವಳು ಮಂಕರಿಯಲ್ಲಿ ಮಣ್ಣು ಎತ್ತಿ ಹಾಕಿದಳು. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಮಣ್ಣು ಕೆಸರಾಯಿತು, ಇನ್ನೊಂದು ಮೊಳಕ್ಕೆ ಪೈಪು ಸಿಕ್ಕಿತು. ಜೋಡಣೆಯ ಕಡೆ ತುಕ್ಕು ತಿಂದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ತಿಳಿಯಾದ ನೀರು ಅಲ್ಲಿಂದ ಸದ್ದಿಲ್ಲದೆ ಉಕ್ಕಿ, ಎರಡೂ ಮನೆಗಳ ಅಡಿಪಾಯದ ಕಡೆ ಇಳಿದು ಹೋಗುತ್ತಿತ್ತು.

ಬೀಗದವನು ಗುಂಡಿಯಲ್ಲೇ ಕೂತ. ಉಕ್ಕುವ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದ. ಆ ಭಂಗಿಯಲ್ಲೇ, ಅವಳ ಕಡೆ ನೋಡದೆ, ಕೇಳಿದ.

"ಅವತ್ತು ಒಲೆ ಮೇಲೆ ಎಷ್ಟು ಕೊಡ ಇಟ್ಟೆ?"

ಯಾವತ್ತು ಅಂತ ಅವಳು ಕೇಳಲಿಲ್ಲ. "ಎರಡು," ಅಂದಳು.

"ಮೂರನೇದು?"

ಸುಳ್ಳು ಹೇಳಬಹುದಿತ್ತು. ಬೀದಿಯವರೆಲ್ಲ ದೂರ ನಿಂತಿದ್ದರು, ಕೇಳಿಸುವವರು ಯಾರೂ ಇರಲಿಲ್ಲ. ಗುಂಡಿಯ ಅಂಚಿನಲ್ಲಿ ಮಂಕರಿ ಹಿಡಿದು ನಿಂತವಳು ಹೇಳಿದಳು, "ಬೆಳಿಗ್ಗೆ ಮೀಟರು ನೋಡಿ ಬಂದಿದ್ದೆ. ಮುಳ್ಳು ಗೆರೆಯ ಹತ್ತಿರ ಇತ್ತು. ಇನ್ನೊಂದು ಕೊಡ ಹಿಡಿದರೆ ಇನ್ನೊಂದು ಕಲ್ಲು. ಎರಡು ಸಾಕಾದೀತು ಅಂದುಕೊಂಡೆ."

"ಸಾಕಾಯ್ತಾ?"

"ಇಲ್ಲ. ಅವಳ ಮೈ ತಣ್ಣಗಾಗ್ತಾ ಬಂದಾಗ ಕಾಯಿಸೋಕೆ ಹೊತ್ತಿರಲಿಲ್ಲ. ಮೂರನೇದು ಇದ್ದಿದ್ದರೆ ಉಳೀತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ ತಮ್ಮ."

ನೀರು ಅವನ ಬೆರಳ ಸಂದಿಗಳಿಂದ ನುಸುಳುತ್ತಿತ್ತು.

"ಮೂರು ವರ್ಷ ನಾನು ಇದನ್ನೇ ಹೇಳ್ತಾ ಬಂದೆ," ಅಂದ. "ಹೇಳುವಾಗೆಲ್ಲ ಒಳಗೊಳಗೆ ಇದು ಸುಳ್ಳಾಗಿರಲಿ ಅಂತಿದ್ದೆ."

ಅಂಗೈ ತೆಗೆದು ಮೇಲೆ ಹತ್ತಿದ. ಹಾರೆ ಹಿಡಿದು ಮಣ್ಣನ್ನು ಗುಂಡಿಗೆ ತಳ್ಳತೊಡಗಿದ. ಒಡೆದ ಪೈಪು ಒಡೆದ ಹಾಗೇ ಮಣ್ಣಿನಡಿ ಹೋಯಿತು. ಕೊನೆಯ ಹಿಡಿ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸೂಲಗಿತ್ತಿ ಮಂಕರಿ ಎತ್ತಿಕೊಂಡು ಬೀದಿ ದಾಟಿದಳು.

ಆಮೇಲೆ ತಿಂಗಳು ತಿಂಗಳೂ ಬಿಲ್ಲು ಬಂತು. ಇನ್ನೂರ ಅರವತ್ತು. ಇನ್ನೂರ ತೊಂಬತ್ತು. ಅವಳು ಕಚೇರಿಗೆ ದೂರು ಕೊಡಲಿಲ್ಲ, ತನ್ನ ನಲ್ಲಿಯನ್ನು ಸುಮ್ಮನೆ ಬಿಡಲೂ ಇಲ್ಲ. ಬೆಳಗಾದರೆ ಸಿಂಬಿ ಸುತ್ತಿ ಗಣಿಗೆ ಇಳಿಯುತ್ತಿದ್ದಳು, ಹೊರುತ್ತಿದ್ದಳು, ಇಡುತ್ತಿದ್ದಳು, ಇಳಿಯುತ್ತಿದ್ದಳು. ಅವನೀಗ ಅವಳ ಕಲ್ಲುಗಳನ್ನು ಅವಳ ಹೊಸ್ತಿಲಿಗೆ ತರುವುದನ್ನು ನಿಲ್ಲಿಸಿದ್ದ, ನೇರ ಗುಡ್ಡಕ್ಕೆ ಒಯ್ಯುತ್ತಿದ್ದ. ಎಣಿಕೆ ಕೇಳಿಸದ ಆ ಬೀದಿಯಲ್ಲಿ ಇರುವುದು ಅವಳಿಗೆ ಮೊದಲಿಗಿಂತ ಕಷ್ಟವಾಯಿತು. ಅವನು ಜಗಲಿಯ ಮೇಲೆ ಕೂತು ಅವಳು ಹೋಗುವುದನ್ನು, ಬರುವುದನ್ನು ನೋಡುತ್ತಿದ್ದ. ಅವಳ ಕತ್ತು ಕುಗ್ಗಿತು. ಭುಜ ಮೇಲೇಳದಾಯಿತು. ಅನ್ನ ಕಲಸುವಾಗ ಬೆರಳು ನಡುಗತೊಡಗಿದವು. ಊರಿನ ಅರ್ಧದಷ್ಟು ಮಕ್ಕಳನ್ನು ಈ ಲೋಕಕ್ಕೆ ಎಳೆದು ತಂದ ಬೆರಳು ಅವು.

ಮಳೆ ತಡವಾದ ವರ್ಷ ಅದು. ಬೀದಿಯಲ್ಲಿ ನೀರಿನ ರಭಸ ಇಳಿಯಿತು. ನೀರುಗಂಟಿ ಎಷ್ಟೇ ತಿರುಗಿಸಿದರೂ ಮೇಲಿನ ಮನೆಗಳ ನಲ್ಲಿಯಲ್ಲಿ ನೂಲಿನಷ್ಟು ನೀರು, ಆಮೇಲೆ ಅದೂ ಇಲ್ಲ. ಗುಂಡಿ ಮುಚ್ಚಿದ್ದರಿಂದ ಪೈಪು ಸರಿಯಾಯಿತು ಅಂತ ಬೀದಿ ನಂಬಿತ್ತು. ಮೊದಲು ಬರುತ್ತಿದ್ದ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಿದ್ದವರು ಇಬ್ಬರೇ, ಇಬ್ಬರೂ ಬಾಯಿ ಬಿಡಲಿಲ್ಲ. ತೀರ ತಗ್ಗಿನಲ್ಲಿದ್ದ ಬೀಗದವನ ನಲ್ಲಿಯಲ್ಲಿ ಮಾತ್ರ ನೀರು ಬರುತ್ತಿತ್ತು.

ಒಂದು ದಿನ ಬೆಳಗ್ಗೆ ಗಾಣದ ಮನೆಯ ಸೊಸೆಗೆ ನೋವು ಬಂತು. ಬೀಗದವನ ಮನೆಯಿಂದ ಮೂರನೆಯ ಮನೆ ಅದು. ಸೂಲಗಿತ್ತಿ ಕಲ್ಲನ್ನು ದಾರಿಯಲ್ಲೇ ಇಳಿಸಿ ಬಂದಳು. ಕೂಸು ಅಡ್ಡ ತಿರುಗಿತ್ತು. ಅವಳು ಕೈಯಿಟ್ಟು ನೋಡಿದಳು, ಕೈ ತೆಗೆದಳು, ಮತ್ತೆ ಇಟ್ಟಳು. ಬೆರಳಿಗೆ ಹಿಡಿತ ಬರಲಿಲ್ಲ. ಏನಾಯಿತು ಅಂತ ಅತ್ತೆ ಕೇಳಿದಳು. ಬಿಸಿನೀರು ಬೇಕು, ಬಹಳ ಬೇಕು, ಬಸುರಿಗಿಂತ ಮೊದಲು ನನ್ನ ಈ ಕೈಗಳಿಗೆ ಬೇಕು ಅಂದಳು ಸೂಲಗಿತ್ತಿ. ಮನೆಯಲ್ಲಿದ್ದದ್ದು ಅರ್ಧ ಕೊಡ. ಅತ್ತೆ ಖಾಲಿ ಕೊಡ ಹಿಡಿದು ಬೀದಿಗೆ ಓಡಿದಳು. ಯಾರ ಮನೆಯಲ್ಲೂ ನೀರಿಲ್ಲ.

ಅತ್ತೆ ಬಾಗಿಲು ಬಾಗಿಲಿಗೆ ಹೋಗುವುದನ್ನು ಬೀಗದವನು ಜಗಲಿಯಿಂದ ನೋಡಿದ. ತನ್ನ ಬಾಗಿಲಿಗೆ ಬರಲು ಅವಳು ಹಿಂಜರಿದದ್ದನ್ನೂ ನೋಡಿದ. ಅವನು ಒಳಗೆ ಹೋದ. ಅವಳು ಹಿಂದಿರುಗುವಷ್ಟರಲ್ಲಿ ಎರಡು ಕೊಡ ತುಂಬಿಕೊಂಡು, ಊದಿದ ಮಂಡಿ ಎಳೆಯುತ್ತ, ಅವನು ಗಾಣದ ಮನೆಯ ಹಿತ್ತಲಿಗೆ ಹೊರಟಿದ್ದ.

ಬಚ್ಚಲ ಒಲೆಗೆ ಸೌದೆ ಒಟ್ಟಿ ಹಂಡೆ ತುಂಬಿದ. ಕಾದದ್ದನ್ನು ಬಾಗಿಲ ಸಂದಿನಿಂದ ಅತ್ತೆಯ ಕೈಗೆ ಕೊಟ್ಟ, ಮತ್ತೆ ತುಂಬಿದ. ಒಳಗೆ ಸೂಲಗಿತ್ತಿ ಎರಡೂ ಕೈಗಳನ್ನು ಚಾಚಿ ಕೂತಿದ್ದಳು. ಸುಡುವ ನೀರನ್ನು ಅತ್ತೆ ಸುರಿಯುತ್ತಿದ್ದಳು, ಸಾಕೇ ಅನ್ನುತ್ತಿದ್ದಳು. ಇನ್ನೂ ಬೇಕು ಅನ್ನುತ್ತಿದ್ದಳು ಸೂಲಗಿತ್ತಿ. ಒಳಗಿನಿಂದ ಇನ್ನೂ ಬೇಕು ಅಂದಾಗಲೆಲ್ಲ ಹೊರಗೆ ಅವನು ಮತ್ತೊಂದು ಕೊಡಕ್ಕೆ ಓಡುತ್ತಿದ್ದ. ಎಷ್ಟಾಯಿತೆಂದು ಇಬ್ಬರೂ ಎಣಿಸಲಿಲ್ಲ. ಬೆರಳುಗಳು ಕೆಂಪಾದವು, ಚರ್ಮಕ್ಕೆ ಬೊಕ್ಕೆ ಬಂತು, ಆಮೇಲೆ ನಿಧಾನವಾಗಿ ಒಂದೊಂದೇ ಗಂಟು ಸಡಿಲಾಯಿತು. ಅವಳು ಮತ್ತೆ ಕೈ ಇಟ್ಟಳು. ಈ ಸಲ ಕೂಸಿನ ತಲೆ ಕೈಗೆ ಸಿಕ್ಕಿತು.

ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಕೈಗಳಿಗೆ ಎಣ್ಣೆಬಟ್ಟೆ ಸುತ್ತಿಕೊಂಡು ಸೂಲಗಿತ್ತಿ ಹಿತ್ತಲಿಗೆ ಬಂದಾಗ ಅವನು ಇನ್ನೂ ಒಲೆಗೆ ಸೌದೆ ನೂಕುತ್ತಿದ್ದ. ಸಾಕು, ಆಯಿತು ಅಂದಳು. ತಾಯಿ ಹೇಗಿದ್ದಾಳೆ ಅಂತ ಕೇಳಿದ. ಇಬ್ಬರೂ ಚೆನ್ನಾಗಿದ್ದಾರೆ ಅಂದಳು. ಅವನು ಬೆಂಕಿ ಹಿಂದಕ್ಕೆ ಎಳೆದು, ಖಾಲಿ ಕೊಡಗಳನ್ನು ಎತ್ತಿಕೊಂಡು, ಅವಳ ಪಕ್ಕದಿಂದ ಹಾದು ಹೋದ. ಅವನ ಮುಖ ಹೊಗೆಗೆ ಕಪ್ಪಾಗಿತ್ತು, ಕಣ್ಣಿನ ಕೆಳಗೆ ಎರಡು ಗೆರೆ ಮಾತ್ರ ಬಿಳಿ.

ಮರುದಿನ ಬೆಳಗ್ಗೆ ಅವಳು ಬಾಗಿಲು ತೆಗೆದಾಗ ಬೀದಿಯ ನಡುವೆ ಗುಂಡಿ ಮತ್ತೆ ಬಾಯಿ ತೆರೆದಿತ್ತು. ಅವನು ಒಳಗೆ ಮಂಡಿಯೂರಿ ಕೂತು ಪೈಪಿನ ಬಾಯಿಗೆ ಸೆಣಬಿನ ನಾರು ತುಂಬಿ, ಅರಗು ಮೆತ್ತಿ, ಸೀಸದ ತಗಡು ಸುತ್ತಿ ಸುತ್ತಿಗೆಯಿಂದ ಬಡಿಯುತ್ತಿದ್ದ. ಅವಳು ಮಣ್ಣೆತ್ತಲು ಹೋದಳು. ಬೇಡ ಅಂತ ಕೈಸನ್ನೆ ಮಾಡಿದ. ಅವಳು ತನ್ನ ಗೋಡೆಯ ಕಡೆ ತಿರುಗಿ ನೋಡಿದಳು. ಚಕ್ರ ನಿಂತಿತ್ತು. ಮೇಲಿನ ಮನೆಗಳಲ್ಲಿ ನಲ್ಲಿಗಳು ಗೊರಗೊರ ಅಂದವು. ಯಾರದೋ ಖಾಲಿ ಕೊಡಕ್ಕೆ ನೀರು ಬೀಳುವ ಸದ್ದು ಕೇಳಿತು.

ವಾರದೊಳಗೆ ಕಚೇರಿಯಿಂದ ಎರಡು ನೋಟೀಸು ಬಂದವು. ಅಪ್ಪಣೆಯಿಲ್ಲದೆ ಬೀದಿ ಅಗೆದದ್ದಕ್ಕೆ ಅವನಿಗೆ ನೂರು ಕಲ್ಲು ದಂಡ, ಮೊದಲ ಸಲ ಅಗೆಯಲು ಜೊತೆಯಾದದ್ದಕ್ಕೆ ಅವಳಿಗೆ ನೂರು. ಊರಿನ ಕಟ್ಟಳೆ ದಂಡಕ್ಕೂ ಅದೇ. ಅವನ ನೂರನ್ನು ಅವಳು ಹೊರಬೇಕು, ಅವಳ ನೂರನ್ನು ಅವನು. ಪೈಪು ಸರಿಮಾಡಿದ್ದಕ್ಕೂ ದಂಡವೇ ಅಂತ ಗಾಣದ ಮನೆಯ ಅತ್ತೆ ನೀರುಗಂಟಿಯನ್ನು ಬೈದಳು. ಸರಿಮಾಡಿ ಅಂತ ಹೇಳಿದ್ದು ಯಾರು ಅಂದ ನೀರುಗಂಟಿ.

ಒಂದೇ ಬೆಳಗ್ಗೆ ಇಬ್ಬರೂ ಗಣಿಗೆ ಇಳಿದರು. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಅವನ ಕಾಲು ಎಳೆಯುತ್ತಿತ್ತು, ಅವಳ ಕತ್ತು ಬಾಗಿತ್ತು. ಗುಡ್ಡದ ಅರ್ಧದಲ್ಲಿ, ದಾರಿ ತಿರುಗುವ ಕಡೆ, ಅವನು ನಿಂತ. ತಲೆಯ ಮೇಲೆ ಕಲ್ಲಿದ್ದದ್ದರಿಂದ ಹಿಂದಿರುಗಿ ನೋಡಲು ಆಗುವಂತಿರಲಿಲ್ಲ. ಕಲ್ಲಿಲ್ಲದಿದ್ದರೂ ಅವನು ನೋಡುತ್ತಿರಲಿಲ್ಲವೇನೋ.

"ಪೈಪು ಕಟ್ಟಿದ್ದೀನಿ," ಅಂದ. "ಅಷ್ಟೇ. ನಿನ್ನ ಮೇಲಿನ ಕೋಪ ಎಲ್ಲಿತ್ತೋ ಅಲ್ಲೇ ಇದೆ."

"ಇರಲಿ," ಅಂದಳು ಸೂಲಗಿತ್ತಿ. "ನಡಿ, ಬಿಸಿಲು ಏರ್ತಿದೆ."

ಅವನು ನಡೆದ. ಅವತ್ತು ಒಬ್ಬೊಬ್ಬರೂ ಹದಿನೇಳು ಕಲ್ಲು ಹೊತ್ತರು. ಇನ್ನು ಎಂಬತ್ತಮೂರು ಎಂಬತ್ತಮೂರು ಉಳಿದವು.